ಕಾರ್ಖಾನೆಯ ‘ಪ್ರಾಕ್ಸಿ’: ಸೆನ್ಸರ್ ಆರಿಸುವುದು, ಕೇಬಲ್ ಜೋಡಿಸುವುದು ಹೇಗೆ?

ಕ್ಲ್ಯಾಂಪ್ ಮುಚ್ಚಿತೇ, ಸ್ಲೈಡ್ ತುದಿ ಮುಟ್ಟಿತೇ, ಕನ್ವೇಯರ್ ಮೇಲೆ ಜಾಬ್ (ಕೆಲಸ ಮಾಡಬೇಕಾದ ಬಿಡಿಭಾಗ) ಬಂದು ನಿಂತಿತೇ ಎಂಬುದನ್ನು ಪಿಎಲ್‌ಸಿಗೆ, ಅಂದರೆ ಯಂತ್ರವನ್ನು ನಡೆಸುವ ಕಂಪ್ಯೂಟರ್‌ಗೆ, ತಿಳಿಸುವುದು ಬೆರಳಿನಷ್ಟು ದಪ್ಪದ ಇಂಡಕ್ಟಿವ್ ಪ್ರಾಕ್ಸಿಮಿಟಿ ಸೆನ್ಸರ್. ಪೀಣ್ಯದಿಂದ ಬೆಳಗಾವಿಯ ಉದ್ಯಮಬಾಗದವರೆಗೆ ಶಾಪ್‌ಫ್ಲೋರ್‌ನಲ್ಲಿ ಅದಕ್ಕೆ ‘ಪ್ರಾಕ್ಸಿ’ ಎಂದರೆ ಸಾಕು. ಅದು ಕೈಕೊಟ್ಟರೆ ಲಕ್ಷಾಂತರ ರೂಪಾಯಿಯ ಯಂತ್ರ ನಿಂತುಬಿಡುತ್ತದೆ. ಆಗ ಎಲ್ಲರೂ ಮೊದಲು ಬದಲಾಯಿಸುವುದು ಸೆನ್ಸರನ್ನೇ. ತಪ್ಪು ಮಾತ್ರ ಎಷ್ಟೋ ಸಲ ಕೇಬಲ್‌ನಲ್ಲಿ, ಕನೆಕ್ಟರ್‌ನಲ್ಲಿ, ಇಲ್ಲವೇ ಕೊಳ್ಳುವಾಗ ಹಾಕಿದ ಲೆಕ್ಕದಲ್ಲಿ ಇರುತ್ತದೆ. ಹೀಗಾಗಿ ಸೆನ್ಸರ್ ಮತ್ತು ಕೇಬಲ್ ಎರಡನ್ನೂ ಒಂದೇ ವಸ್ತುವೆಂದು ತಿಳಿದು ಒಟ್ಟಿಗೇ ಆರಿಸಬೇಕು. 24 ವೋಲ್ಟ್ ಡಿಸಿಯಲ್ಲಿ ಕೆಲಸ ಮಾಡುವ, ಎಂ12 ಗಾತ್ರದ (12 ಮಿ.ಮೀ. ವ್ಯಾಸದ), ಮೂರು ತಂತಿಯ ಸೆನ್ಸರ್ ಹೆಚ್ಚು ಬಳಕೆಯಲ್ಲಿರುವುದರಿಂದ ಅದನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ.

ಮೊದಲು ದೂರದ ಲೆಕ್ಕ

ಸೆನ್ಸರ್ ಮುಖದ ಒಳಗೊಂದು ಕಾಯಿಲ್ ಇದೆ. ಅದು ಮುಂದುಗಡೆ ವೇಗವಾಗಿ ಬದಲಾಗುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಲೋಹ ಹತ್ತಿರ ಬಂದಾಗ ಆ ಲೋಹದಲ್ಲಿ ಎಡ್ಡಿ ಕರೆಂಟ್ (ಸುಳಿಯಾಗಿ ಸುತ್ತುವ ವಿದ್ಯುತ್) ಹರಿದು ಕಾಯಿಲ್‌ನ ಶಕ್ತಿಯನ್ನು ಹೀರುತ್ತದೆ. ಸೆನ್ಸರ್ ಅದನ್ನು ಗಮನಿಸಿ ಔಟ್‌ಪುಟ್ ಬದಲಿಸುತ್ತದೆ. ಆದ್ದರಿಂದ ಎದುರಿಗೆ ಬರುವುದು ಯಾವ ಲೋಹ, ಎಷ್ಟು ದೊಡ್ಡದು ಎಂಬುದರ ಮೇಲೆ ದೂರ ಬದಲಾಗುತ್ತದೆ.

ಡೇಟಾಶೀಟ್‌ನಲ್ಲಿ ‘4 ಮಿ.ಮೀ.’ ಎಂದಿದ್ದರೆ ಅದು ಐಇಸಿ 60947-5-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹೇಳಿದ ಸಂಖ್ಯೆ. ಅಳೆಯಲು ಬಳಸುವುದು 1 ಮಿ.ಮೀ. ದಪ್ಪದ, ಚೌಕಾಕಾರದ ಮೈಲ್ಡ್ ಸ್ಟೀಲ್ ತುಂಡು. ಅದರ ಬದಿಯ ಉದ್ದ ಸೆನ್ಸರ್ ಮುಖದ ವ್ಯಾಸಕ್ಕೆ ಅಥವಾ ದೂರದ ಮೂರು ಪಟ್ಟಿಗೆ, ಯಾವುದು ದೊಡ್ಡದೋ ಅದಕ್ಕೆ ಸಮ. ನಮ್ಮ ಎಂ12 ಸೆನ್ಸರ್‌ಗೆ ಎರಡೂ 12 ಮಿ.ಮೀ. ತಯಾರಿಕೆಯ ವ್ಯತ್ಯಾಸ, ಬಿಸಿಲು-ಚಳಿ, ವೋಲ್ಟೇಜ್ ಏರಿಳಿತ ಎಲ್ಲ ಸೇರಿದ ಮೇಲೂ ಖಾತರಿಯಾಗಿ ಸಿಗುವ ದೂರ ಇದರ 0.81 ಪಾಲು ಮಾತ್ರ. ಅಂದರೆ 3.24 ಮಿ.ಮೀ.

ಇದು ಸ್ಟೀಲ್‌ಗೆ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಸುಮಾರು 0.7ರಿಂದ, ಹಿತ್ತಾಳೆಯಾದರೆ 0.45ರಿಂದ, ಅಲ್ಯುಮಿನಿಯಂ ಆದರೆ 0.4ರಿಂದ ಗುಣಿಸಿ. ತಾಮ್ರಕ್ಕೆ ಇನ್ನೂ ಕಡಿಮೆ. ನಿಖರ ಗುಣಕ ಆಯಾ ಮಾದರಿಯ ಡೇಟಾಶೀಟ್‌ನಲ್ಲಿ ಇರುತ್ತದೆ. ಅಲ್ಯುಮಿನಿಯಂ ಕಾಸ್ಟಿಂಗ್ ಮುಂದೆ ನಮ್ಮ 4 ಮಿ.ಮೀ. ಸೆನ್ಸರ್ ನಂಬಿಕೆಯಿಂದ ಹಿಡಿಯುವುದು 1.3 ಮಿ.ಮೀ. ದೂರದಲ್ಲಿ ಮಾತ್ರ! ಟ್ರಯಲ್ ವೇಳೆ ಸ್ಪ್ಯಾನರ್ ತೋರಿಸಿದಾಗ ಚೆನ್ನಾಗಿ ಹಿಡಿದ ಸೆನ್ಸರ್, ನಿಜವಾದ ಜಾಬ್ ಬಂದಾಗ ಸುಮ್ಮನಿರುವುದು ಇದೇ ಕಾರಣಕ್ಕೆ. ಎರಡು ಮೂರು ಬಗೆಯ ಲೋಹ ಒಂದೇ ಜಾಗಕ್ಕೆ ಬರುವುದಾದರೆ ಎಲ್ಲ ಲೋಹಕ್ಕೂ ಒಂದೇ ದೂರ ಕೊಡುವ ‘ಫ್ಯಾಕ್ಟರ್ 1’ ಮಾದರಿ ಕೊಳ್ಳಿ. ಬೆಲೆ ಹೆಚ್ಚಾದರೂ ತಲೆನೋವು ತಪ್ಪುತ್ತದೆ.

ಫ್ಲಶ್ ಬೇಕೋ, ನಾನ್‌ಫ್ಲಶ್ ಬೇಕೋ ಎಂಬುದು ಮುಂದಿನ ಪ್ರಶ್ನೆ. ಫ್ಲಶ್ ಮಾದರಿಯ ಮುಖವನ್ನು ಲೋಹದ ಬ್ರ್ಯಾಕೆಟ್‌ನ ಮಟ್ಟಕ್ಕೆ ಕೂರಿಸಬಹುದು. ನಾನ್‌ಫ್ಲಶ್ ದೂರ ನೋಡುತ್ತದೆ, ಆದರೆ ಅದರ ಮುಖದ ಸುತ್ತ ಲೋಹ ಇರಬಾರದು. ಇದ್ದರೆ ಸದಾ ‘ಆನ್’ ಆಗಿಯೇ ಉಳಿಯುತ್ತದೆ. ಮುಖದ ಸುತ್ತ ಪ್ಲಾಸ್ಟಿಕ್ ಟೊಪ್ಪಿ ಹೊರಚಾಚಿದ್ದರೆ ಅದು ನಾನ್‌ಫ್ಲಶ್. ಚಿಪ್ಸ್ (ಲೋಹ ಕತ್ತರಿಸುವಾಗ ಸಿಡಿಯುವ ಚೂರು) ಬೀಳುವ ಯಂತ್ರಕ್ಕೆ ಫ್ಲಶ್ ಮಾದರಿಯೇ ಮೇಲು.

ಹಲ್ಲಿನ ಚಕ್ರ ನೋಡಿ ಎಣಿಸುವ ಕೆಲಸವಿದ್ದರೆ ವೇಗವನ್ನೂ ನೋಡಬೇಕು. 20 ಹಲ್ಲಿನ ಚಕ್ರ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 500 ಪಲ್ಸ್. ಸೆನ್ಸರ್‌ನ ಸ್ವಿಚಿಂಗ್ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಸಲ ಆನ್-ಆಫ್ ಆಗಬಲ್ಲದು ಎಂಬ ಸಂಖ್ಯೆ) ಕನಿಷ್ಠ ಅದರ ಎರಡರಷ್ಟಿರಲಿ, ಪಿಎಲ್‌ಸಿಯ ಹೈಸ್ಪೀಡ್ ಕೌಂಟರ್ ಇನ್‌ಪುಟ್‌ಗೇ ಜೋಡಿಸಿ. ಸಾಮಾನ್ಯ ಇನ್‌ಪುಟ್‌ನ ಫಿಲ್ಟರ್ ಇಷ್ಟು ವೇಗದ ಪಲ್ಸ್‌ಗಳನ್ನು ನುಂಗಿಬಿಡುತ್ತದೆ.

ಪಿಎನ್‌ಪಿಯೋ, ಎನ್‌ಪಿಎನ್‌ನೋ?

ಲೋಹ ಕಂಡಾಗ ಪಿಎನ್‌ಪಿ ಸೆನ್ಸರ್ ತನ್ನ ಕಪ್ಪು ತಂತಿಯಲ್ಲಿ 24 ವೋಲ್ಟ್ ಹೊರಗೆ ಕೊಡುತ್ತದೆ. ಎನ್‌ಪಿಎನ್ ಅದೇ ಕಪ್ಪು ತಂತಿಯನ್ನು 0 ವೋಲ್ಟ್‌ಗೆ ಎಳೆಯುತ್ತದೆ. ಯುರೋಪಿನ ಯಂತ್ರಗಳಲ್ಲಿ ಪಿಎನ್‌ಪಿ, ಜಪಾನಿನ ಹಳೆಯ ಯಂತ್ರಗಳಲ್ಲಿ ಎನ್‌ಪಿಎನ್ ಹೆಚ್ಚು. ಇರುವ ಯಂತ್ರಕ್ಕೆ ಬದಲಿ ತರುವಾಗ ಹಳೆಯದರ ಮೈಮೇಲಿನ ಚಿತ್ರ ನೋಡಿಯೇ ತನ್ನಿ. ಹೊಸ ಯಂತ್ರವಾದರೆ ಪಿಎನ್‌ಪಿಯನ್ನೇ ಆರಿಸಿ, ಅದಕ್ಕೊಂದು ಗಟ್ಟಿ ಕಾರಣವಿದೆ. ಕಪ್ಪು ತಂತಿಯ ಇನ್ಸುಲೇಷನ್ ಸವೆದು ಯಂತ್ರದ ಮೈಗೆ ತಗುಲಿತು ಎಂದುಕೊಳ್ಳಿ. 24 ವೋಲ್ಟ್ ಸಪ್ಲೈನ 0 ವೋಲ್ಟ್ ಅರ್ಥ್‌ಗೆ ಜೋಡಣೆಯಾಗಿದ್ದರೆ, ಎನ್‌ಪಿಎನ್ ವ್ಯವಸ್ಥೆಯಲ್ಲಿ ಪಿಎಲ್‌ಸಿಗೆ ‘ಜಾಬ್ ಬಂದಿದೆ’ ಎಂಬ ಸುಳ್ಳು ಸಿಗ್ನಲ್ ಹೋಗುತ್ತದೆ. ಯಂತ್ರ ತಾನಾಗಿ ಚಲಿಸಬಹುದು. ಪಿಎನ್‌ಪಿಯಲ್ಲಿ ಸಿಗ್ನಲ್ ನಿಲ್ಲುತ್ತದೆ, ಯಂತ್ರವೂ ನಿಲ್ಲುತ್ತದೆ.

ಪಿಎಲ್‌ಸಿಯ ಇನ್‌ಪುಟ್ ಕಾಮನ್ (ಒಂದು ಗುಂಪಿನ ಇನ್‌ಪುಟ್‌ಗಳಿಗೆಲ್ಲ ಸೇರಿ ಇರುವ ಟರ್ಮಿನಲ್) ಇದಕ್ಕೆ ಹೊಂದಬೇಕು: ಪಿಎನ್‌ಪಿಗೆ ಕಾಮನ್ 0 ವೋಲ್ಟ್‌ಗೆ, ಎನ್‌ಪಿಎನ್‌ಗೆ 24 ವೋಲ್ಟ್‌ಗೆ. ಒಂದು ಕಾಮನ್‌ನ ಗುಂಪಿನಲ್ಲಿ ಎರಡು ಜಾತಿ ಬೆರೆಸಲಾಗದು. ಬೆರೆಸಲೇಬೇಕಾದರೆ ನಡುವೆ ಒಂದು ರಿಲೇ ಹಾಕಿ; ಕಾಯಿಲ್‌ಗೆ ಡಯೋಡ್ ಮರೆಯಬೇಡಿ.

ಸ್ಲೈಡ್ ಮಿತಿ ಮೀರುವುದನ್ನು ತಡೆಯುವ ಜಾಗಕ್ಕೆ ನಾರ್ಮಲಿ ಕ್ಲೋಸ್ಡ್ ಮಾದರಿ, ಅಂದರೆ ಲೋಹ ಇಲ್ಲದಾಗ ಸಿಗ್ನಲ್ ಕೊಡುತ್ತಿದ್ದು ಲೋಹ ಬಂದಾಗ ನಿಲ್ಲಿಸುವುದನ್ನು ಹಾಕಿ. ತಂತಿ ತುಂಡಾದರೂ ಯಂತ್ರ ನಿಲ್ಲುತ್ತದೆ. ಆದರೆ ಮನುಷ್ಯನ ಕೈ ಕಾಯುವ ಕೆಲಸಕ್ಕೆ ಸಾಮಾನ್ಯ ಪ್ರಾಕ್ಸಿ ಎಂದೂ ಸಲ್ಲದು, ಅಲ್ಲಿಗೆ ಸುರಕ್ಷತಾ ದರ್ಜೆಯ ಸೆನ್ಸರ್ ಮತ್ತು ರಿಲೇ ಬೇಕೇ ಬೇಕು.

ಕೇಬಲ್ ಆರಿಸುವಾಗ

ಸೆನ್ಸರ್‌ಗೇ ಅಂಟಿಕೊಂಡ ಕೇಬಲ್‌ಗಿಂತ ಕನೆಕ್ಟರ್ ಮಾದರಿ ಕೊಳ್ಳುವುದು ಲೇಸು. ಕೇಬಲ್ ಕಡಿದರೆ ಕೇಬಲ್ ಮಾತ್ರ, ಸೆನ್ಸರ್ ಸತ್ತರೆ ಸೆನ್ಸರ್ ಮಾತ್ರ ಬದಲಿಸಬಹುದು. ಪ್ಯಾನೆಲ್‌ವರೆಗೆ ಮತ್ತೆ ತಂತಿ ಎಳೆಯಬೇಕಿಲ್ಲ. ಅಂಗಡಿಯಲ್ಲಿ ‘ಎಂ12, ಎ-ಕೋಡ್, 4 ಪಿನ್, ಫೀಮೇಲ್’ ಎಂದು ಕೇಳಿ. ಡಿ-ಕೋಡ್ ಈಥರ್‌ನೆಟ್‌ಗೆ, ಬಿ-ಕೋಡ್ ಪ್ರೊಫಿಬಸ್ ಎಂಬ ಕಾರ್ಖಾನೆ ಸಂವಹನ ಜಾಲಕ್ಕೆ. ಕೀ ಬೇರೆ ಇರುವುದರಿಂದ ಅವು ಇಲ್ಲಿ ಕೂರುವುದಿಲ್ಲ, ಒತ್ತಿ ಕೂರಿಸಿದರೆ ಪಿನ್ ಬಾಗುತ್ತದೆ. ಎಲ್‌ಇಡಿ ಇರುವ ಕನೆಕ್ಟರ್ ಕೊಳ್ಳುವುದಾದರೆ ಅದು ಪಿಎನ್‌ಪಿಗೆ ಮಾಡಿದ್ದೋ ಎನ್‌ಪಿಎನ್‌ಗೋ ಎಂದು ನೋಡಿಕೊಳ್ಳಿ.

ಹೊದಿಕೆಯ ವಿಚಾರದಲ್ಲಿ ಉಳಿತಾಯಕ್ಕೆ ಹೋಗಿ ಕೈ ಸುಟ್ಟುಕೊಳ್ಳುವವರು ಹೆಚ್ಚು. ಒಣ ಜಾಗ, ಅಲುಗಾಡದ ಕೇಬಲ್ ಆದರೆ ಪಿವಿಸಿ ಸಾಕು. ಕಟಿಂಗ್ ಆಯಿಲ್, ಕೂಲಂಟ್ ಸಿಡಿಯುವ ಕಡೆ ಪಿವಿಸಿ ಕ್ರಮೇಣ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅಲ್ಲಿಗೆ ಪಿಯುಆರ್, ಅಂದರೆ ಪಾಲಿಯುರೆಥೇನ್ ಹೊದಿಕೆ ಬೇಕು. ಡ್ರ್ಯಾಗ್ ಚೈನ್ (ಚಲಿಸುವ ಭಾಗದ ಜೊತೆ ಕೇಬಲನ್ನು ಹೊತ್ತೊಯ್ಯುವ ಸರಪಳಿ) ಒಳಗೆ ಓಡಾಡುವ ಕೇಬಲ್ ‘ಡ್ರ್ಯಾಗ್ ಚೈನ್‌ಗೆ ಯೋಗ್ಯ’ ಎಂದು ನಮೂದಿಸಿದ್ದೇ ಆಗಿರಬೇಕು. ಸಾಮಾನ್ಯ ಕೇಬಲ್ ಹಾಕಿದರೆ ಹೊರಗೆ ಹೊದಿಕೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ತಾಮ್ರದ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಆಮೇಲೆ ಯಂತ್ರ ಒಂದು ಸ್ಥಾನದಲ್ಲಿ ಮಾತ್ರ ನಿಲ್ಲತೊಡಗುತ್ತದೆ. ಹುಡುಕಲು ಇದಕ್ಕಿಂತ ಕಷ್ಟದ ತಪ್ಪು ಇನ್ನೊಂದಿಲ್ಲ. ಬಾಗುವ ತ್ರಿಜ್ಯವೂ ಲೆಕ್ಕಕ್ಕೆ ಬರುತ್ತದೆ. ಸ್ಥಿರ ಕೇಬಲ್‌ಗೆ ವ್ಯಾಸದ 5 ಪಟ್ಟು, ಚಲಿಸುವುದಕ್ಕೆ 10 ಪಟ್ಟು ಸಾಮಾನ್ಯ ನಿಯಮ. 5 ಮಿ.ಮೀ. ದಪ್ಪದ ಕೇಬಲ್ ಚಲಿಸುವಾಗ 50 ಮಿ.ಮೀ.ಗಿಂತ ಬಿಗಿಯಾಗಿ ಮಡಚಬಾರದು.

ತಂತಿಯ ದಪ್ಪ 0.34 ಚದರ ಮಿ.ಮೀ. ಇರಲಿ. 20 ಮೀಟರ್ ದೂರಕ್ಕೆ ಹೋಗಿ ಬರುವ 40 ಮೀಟರ್ ತಂತಿಯ ರೋಧ ಎರಡು ಓಮ್‌ಗಿಂತ ತುಸು ಹೆಚ್ಚು. ಸೆನ್ಸರ್ ಮತ್ತು ಪಿಎಲ್‌ಸಿ ಇನ್‌ಪುಟ್ ಸೇರಿ 30 ಮಿಲಿಆಂಪಿಯರ್ ಎಳೆದರೂ ಕಳೆದುಹೋಗುವುದು 0.1 ವೋಲ್ಟ್‌ಗಿಂತ ಕಡಿಮೆ. ಹೀಗಾಗಿ ಉದ್ದದ ಕೇಬಲ್‌ನಲ್ಲಿ ವೋಲ್ಟೇಜ್ ಇಳಿತಕ್ಕಿಂತ ಪಕ್ಕದ ಮೋಟರ್ ಕೇಬಲ್‌ನಿಂದ ಬರುವ ನಾಯ್ಸ್‌ಗೇ (ವಿದ್ಯುತ್ ಅಡಚಣೆಗೇ) ಹೆಚ್ಚು ಹೆದರಬೇಕು.

ಜೋಡಣೆ, ಹಂತ ಹಂತವಾಗಿ

1. ಪವರ್ ಆಫ್ ಮಾಡಿ, ಬೀಗ ಹಾಕಿ, ಮೀಟರ್‌ನಿಂದ ಖಚಿತಪಡಿಸಿಕೊಳ್ಳಿ.

2. ಸೆನ್ಸರನ್ನು ಬ್ರ್ಯಾಕೆಟ್‌ಗೆ ಎರಡೂ ಕಡೆ ನಟ್ ಹಾಕಿ ಕೂರಿಸಿ. ಲೋಹ ನೇರ ಎದುರಿನಿಂದ ಬರುವ ಬದಲು ಬದಿಯಿಂದ ಹಾದುಹೋಗುವಂತಿರಲಿ. ಸ್ಲೈಡ್ ಸ್ವಲ್ಪ ಮುಂದೆ ಹೋದರೂ ಸೆನ್ಸರ್ ಮುಖ ಜಜ್ಜುವುದಿಲ್ಲ. ಖಾತರಿ ದೂರ 3.24 ಮಿ.ಮೀ. ಇರುವಲ್ಲಿ ಗ್ಯಾಪ್ 2 ಮಿ.ಮೀ. ಇಡಿ. ಫೀಲರ್ ಗೇಜ್ ಇದ್ದರೆ ಅದನ್ನೇ ಬಳಸಿ.

3. ಕನೆಕ್ಟರ್‌ನ ಕೀ ಹೊಂದಿಸಿ ನೇರವಾಗಿ ಒತ್ತಿ, ಆಮೇಲೆ ರಿಂಗ್ ಮಾತ್ರ ತಿರುಗಿಸಿ. ಎಂ12ಕ್ಕೆ ಸಾಮಾನ್ಯ ಬಿಗಿತ 0.6 ನ್ಯೂಟನ್ ಮೀಟರ್. ಸಡಿಲವಾದರೆ ಕೂಲಂಟ್ ಒಳಗಿಳಿಯುತ್ತದೆ, ಅತಿಯಾದರೆ ಓ-ರಿಂಗ್ ಕತ್ತರಿಸುತ್ತದೆ. ಸೆನ್ಸರ್ ಮೇಲಿನ ಐಪಿ67 (ದೂಳು, ನೀರು ಒಳಗಿಳಿಯದು) ಎಂಬ ಭರವಸೆ ಕನೆಕ್ಟರ್ ಸರಿಯಾಗಿ ಬಿಗಿಯಾದ ಮೇಲಷ್ಟೇ ಜಾರಿಗೆ ಬರುತ್ತದೆ.

4. ಕನೆಕ್ಟರ್‌ನಿಂದ ಸುಮಾರು 10 ಸೆಂ.ಮೀ. ದೂರದಲ್ಲಿ ಸಡಿಲ ಸುತ್ತು ಬಿಟ್ಟು ಟೈ ಕಟ್ಟಿ. ಆ ಸುತ್ತು ಕನೆಕ್ಟರ್‌ಗಿಂತ ಕೆಳಗೆ ಜೋತಿರಲಿ. ಕೇಬಲ್ ಗುಂಟ ಹರಿದು ಬರುವ ಕೂಲಂಟ್ ಅಲ್ಲೇ ತೊಟ್ಟಿಕ್ಕುತ್ತದೆ.

5. ಡ್ರೈವ್‌ನಿಂದ (ಮೋಟರ್ ವೇಗ ನಿಯಂತ್ರಿಸುವ ಸಾಧನ) ಮೋಟರ್‌ಗೆ ಹೋಗುವ ಕೇಬಲ್‌ನಿಂದ ಕನಿಷ್ಠ 20 ಸೆಂ.ಮೀ. ದೂರವಿಡಿ. ದಾಟಲೇಬೇಕಾದರೆ ಲಂಬವಾಗಿ ದಾಟಿಸಿ.

6. ಪ್ಯಾನೆಲ್ ಒಳಗೆ ತರಲು ಕೇಬಲ್ ದಪ್ಪಕ್ಕೆ ತಕ್ಕ ಗ್ಲ್ಯಾಂಡ್ (ಕೇಬಲನ್ನು ಬಿಗಿಹಿಡಿದು ನೀರು ತಡೆಯುವ ಬಿಲ್ಲೆ) ಬಳಸಿ. 5 ಮಿ.ಮೀ. ಕೇಬಲ್‌ಗೆ ಪಿಜಿ7 ಗಾತ್ರದ್ದು ಹೊಂದುತ್ತದೆ. ದೊಡ್ಡ ಗ್ಲ್ಯಾಂಡ್‌ನಲ್ಲಿ ಟೇಪ್ ಸುತ್ತಿ ತುರುಕಿದರೆ ನೀರೂ ನಿಲ್ಲದು, ಕೇಬಲ್ ಹಿಡಿತವೂ ಸಿಗದು.

7. ತಂತಿಯ ತುದಿ 8 ಮಿ.ಮೀ. ಬಿಡಿಸಿ, ಪಿನ್ ಲಗ್ (ತಂತಿ ತುದಿಗೆ ಹಾಕುವ ಲೋಹದ ಕೊಳವೆ) ಹಾಕಿ ಕ್ರಿಂಪ್ ಮಾಡಿ, ಅಂದರೆ ಅಮುಕಿ ಬಿಗಿಮಾಡಿ. ಬೆಸುಗೆ ಹಾಕಿದ ತುದಿಯನ್ನು ಸ್ಕ್ರೂ ಟರ್ಮಿನಲ್‌ಗೆ ಹಾಕಬೇಡಿ. ಒತ್ತಡಕ್ಕೆ ಬೆಸುಗೆ ನಿಧಾನವಾಗಿ ಹರಡಿ ಹಿಡಿತ ಸಡಿಲವಾಗುತ್ತದೆ.

8. ತಂತಿಗಳನ್ನು ಹೀಗೆ ಜೋಡಿಸಿ: ಕಂದು (ಪಿನ್ 1) 24 ವೋಲ್ಟ್‌ಗೆ, ನೀಲಿ (ಪಿನ್ 3) 0 ವೋಲ್ಟ್‌ಗೆ, ಕಪ್ಪು (ಪಿನ್ 4) ಪಿಎಲ್‌ಸಿ ಇನ್‌ಪುಟ್‌ಗೆ.

ಈ ಎಂಟನೇ ಹಂತದಲ್ಲೊಂದು ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ನಮ್ಮ ಮನೆ ವೈರಿಂಗ್‌ನಲ್ಲಿ ಕಪ್ಪು ಎಂದರೆ ನ್ಯೂಟ್ರಲ್. ಆ ಅಭ್ಯಾಸದಲ್ಲಿ ಕಪ್ಪನ್ನು 0 ವೋಲ್ಟ್‌ಗೆ, ನೀಲಿಯನ್ನು ಇನ್‌ಪುಟ್‌ಗೆ ಹಾಕಿಬಿಡುತ್ತಾರೆ. ಸೆನ್ಸರ್ ಬಣ್ಣದಲ್ಲಿ ಕಪ್ಪು ಸಿಗ್ನಲ್ ಎಂಬುದನ್ನು ಪ್ಯಾನೆಲ್ ಬಾಗಿಲಿನ ಒಳಗೆ ಬರೆದು ಅಂಟಿಸಿ.

ಇನ್ನು ಬಿಳಿ ತಂತಿ, ಪಿನ್ 2. ಮೂರು ತಂತಿಯ ಸೆನ್ಸರ್‌ಗೆ ಇದು ಬೇಕಿಲ್ಲ, ಆದರೆ 4 ಪಿನ್ ಕೇಬಲ್‌ನಲ್ಲಿ ಇದ್ದೇ ಇರುತ್ತದೆ. ಕತ್ತರಿಸಿ ಬರಿಮೈಯಲ್ಲಿ ಬಿಡಬೇಡಿ. ನಾಳೆ ಯಾರಾದರೂ ಎರಡು ಔಟ್‌ಪುಟ್‌ನ ಪಿಎನ್‌ಪಿ ಸೆನ್ಸರ್ ಅಲ್ಲಿಗೆ ಹಾಕಿದರೆ ಲೋಹ ಇಲ್ಲದಾಗ ಬಿಳಿಯಲ್ಲಿ 24 ವೋಲ್ಟ್ ಇರುತ್ತದೆ. ಖಾಲಿ ಟರ್ಮಿನಲ್‌ನಲ್ಲಿ ನಿಲ್ಲಿಸಿ.

ಆರೆಂಟು ಸೆನ್ಸರ್‌ಗಳ ಗುಂಪಿಗೊಂದು 1 ಆಂಪಿಯರ್ ಫ್ಯೂಸ್ ಟರ್ಮಿನಲ್ ಹಾಕಿದರೆ ಒಂದು ಕೇಬಲ್ ಶಾರ್ಟ್ ಆದಾಗ ಇಡೀ ಪ್ಯಾನೆಲ್‌ನ 24 ವೋಲ್ಟ್ ಕುಸಿಯುವುದಿಲ್ಲ. 4-20 ಮಿಲಿಆಂಪಿಯರ್ ಕೊಡುವ ಅನಲಾಗ್ ಸೆನ್ಸರ್ ಇದ್ದರೆ ಶೀಲ್ಡ್ ಕೇಬಲ್ ಬಳಸಿ, ಶೀಲ್ಡನ್ನು ಪ್ಯಾನೆಲ್ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ.

ಪರೀಕ್ಷೆ, ಪತ್ತೆ

ಪವರ್ ಕೊಟ್ಟು ಕಂದು-ನೀಲಿ ನಡುವೆ 24 ವೋಲ್ಟ್ ಇದೆಯೇ ನೋಡಿ. ಸೆನ್ಸರ್ ಮುಂದೆ ನಿಜವಾದ ಜಾಬ್ ಇಟ್ಟು ಕಪ್ಪು-ನೀಲಿ ನಡುವೆ ಅಳೆಯಿರಿ. ಪಿಎನ್‌ಪಿಯಾದರೆ 22 ವೋಲ್ಟ್‌ನ ಆಸುಪಾಸು ಬರಬೇಕು. ಎನ್‌ಪಿಎನ್ ಆದರೆ ಕಂದು-ಕಪ್ಪು ನಡುವೆ ಅಳೆಯಿರಿ.

ಸೆನ್ಸರ್ ಎಲ್‌ಇಡಿ ಹತ್ತುತ್ತದೆ, ಪಿಎಲ್‌ಸಿ ಎಲ್‌ಇಡಿ ಹತ್ತುವುದಿಲ್ಲ ಎಂದಾದರೆ ಕಪ್ಪು ತಂತಿ ತುಂಡಾಗಿದೆ, ಇಲ್ಲವೇ ಕಾಮನ್ ತಪ್ಪಾಗಿದೆ. ಎರಡೂ ಹತ್ತದಿದ್ದರೆ ಫ್ಯೂಸ್, ಕಂದು, ನೀಲಿ ನೋಡಿ. ಸದಾ ಹತ್ತಿಯೇ ಇದ್ದರೆ ಮುಖಕ್ಕೆ ಅಂಟಿದ ಚಿಪ್ಸ್ ಒರೆಸಿ. ಮಿಣುಕುತ್ತಿದ್ದರೆ ಗ್ಯಾಪ್ ಅಂಚಿನಲ್ಲಿದೆ, ಅಥವಾ ಬ್ರ್ಯಾಕೆಟ್ ಅದುರುತ್ತಿದೆ; ಎರಡೂ ಸರಿಯಿದ್ದರೆ ಇನ್ನೊಬ್ಬರಿಗೆ ಎಲ್‌ಇಡಿ ನೋಡುತ್ತಿರಲು ಹೇಳಿ ಕೇಬಲನ್ನು ಗೇಣು ಗೇಣಾಗಿ ಬಾಗಿಸುತ್ತ ಬನ್ನಿ. ಎರಡು ತಂತಿಯ ಸೆನ್ಸರ್‌ನಲ್ಲಿ ಲೋಹ ಇಲ್ಲದಿದ್ದರೂ ಪಿಎಲ್‌ಸಿ ಎಲ್‌ಇಡಿ ಮಂದವಾಗಿ ಉರಿದರೆ ಅದು ಸೆನ್ಸರ್‌ನ ಲೀಕೇಜ್ ಕರೆಂಟ್ (ಆಫ್ ಇದ್ದಾಗಲೂ ಸ್ವಲ್ಪ ಹರಿಯುವ ವಿದ್ಯುತ್). ಮೂರು ತಂತಿಯದನ್ನು ಹಾಕುವುದೇ ಅದಕ್ಕೆ ಸುಲಭ ಮದ್ದು.

ಬದಲಿಸಲೇಬೇಕಾದಾಗ ಹಳೆಯ ಸೆನ್ಸರ್ ಬಿಚ್ಚುವ ಮೊದಲು ನಟ್‌ನಿಂದ ಮುಖದವರೆಗಿನ ಉದ್ದ ಅಳೆದುಕೊಳ್ಳಿ. ಅದೇ ಮಾದರಿಯ ಹೊಸದನ್ನು ಅಷ್ಟೇ ಉದ್ದಕ್ಕೆ ಕೂರಿಸಿದರೆ ಗ್ಯಾಪ್ ಹೊಂದಿಸುವ ಕೆಲಸ ಹೆಚ್ಚುಕಡಿಮೆ ಮುಗಿದಂತೆಯೇ.