ಕಪ್ಪು ಬಟ್ಟೆ ಮಾಸಿದರೆ ಮೊದಲು ಒದ್ದೆ ಮಾಡಿ ನೋಡಿ

ಕಪ್ಪು ಪಂಚೆಯೋ ಕುರ್ತಾವೋ ಜೀನ್ಸೋ ಬೂದಿ ಬಣ್ಣಕ್ಕೆ ತಿರುಗಿದರೆ ನಾನು ತಕ್ಷಣ ಬಣ್ಣದ ಪುಡಿ ತರುವುದಿಲ್ಲ. ಅಂಗೈಯಗಲ ಜಾಗವನ್ನು ಒದ್ದೆ ಮಾಡಿ ಹಗಲು ಬೆಳಕಿನಲ್ಲಿ ನೋಡುತ್ತೇನೆ. ಒದ್ದೆಯಾದಾಗ ಕಡುಗಪ್ಪಾಗಿದ್ದು, ಒಣಗಿದ ಮೇಲೆ ಮತ್ತೆ ಬಿಳಚಿಕೊಂಡರೆ ಬಣ್ಣ ಇನ್ನೂ ನೂಲಿನಲ್ಲೇ ಇದೆ. ಮೇಲೆ ಸುಣ್ಣ, ಸೋಪು ಕೂತಿದೆ, ಇಲ್ಲವೇ ನೂಲಿನ ನವಿರು ಎದ್ದಿದೆ. ಒದ್ದೆಯಲ್ಲೂ ಕಂದು, ಕೆಂಪು ಅಥವಾ ನೀಲಿ ಛಾಯೆ ಕಂಡರೆ ಬಣ್ಣವೇ ಹೋಗಿದೆ. ಹೊಲಿಗೆಯ ಒಳಮಡಿಕೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಮೂಲ ಕಪ್ಪು ಎಷ್ಟಿತ್ತೆಂಬುದೂ ತಿಳಿಯುತ್ತದೆ. ನನ್ನ ಕೈಗೆ ಬರುವ ಬಟ್ಟೆಗಳಲ್ಲಿ ಮೊದಲ ಬಗೆಯವೇ ಜಾಸ್ತಿ. ಅವಕ್ಕೆ ಬಣ್ಣ ಹಾಕುವುದು ದಂಡ.

ಬೆಂಗಳೂರು, ಕೋಲಾರ, ತುಮಕೂರು ಕಡೆ ಬೋರ್‌ವೆಲ್ ನೀರಲ್ಲಿ ಒಗೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಕರಗದ ಬಿಳಿ ಜಿಡ್ಡಾಗುತ್ತದೆ. ಬಿಳಿ ಅಂಗಿಯಲ್ಲಿ ಅದು ಕಾಣುವುದಿಲ್ಲ, ಕಪ್ಪಿನಲ್ಲಿ ಒಂದು ಪದರವಾಗಿ ಎದ್ದು ಕಾಣುತ್ತದೆ. ಬಾರ್ ಸೋಪುಗಳಲ್ಲಿ ಸುಣ್ಣದ ಪುಡಿ, ಜೇಡಿಯಂಥ ತುಂಬುವಸ್ತು ಇರುವುದುಂಟು. ಬಟ್ಟೆಗೆ ನೇರವಾಗಿ ತಿಕ್ಕಿದರೆ ಅದೂ ನೂಲಿನ ಸಂದಿಗೆ ಇಳಿಯುತ್ತದೆ.

ಇದನ್ನು ತೆಗೆಯಲು ನಾನು ಬಳಸುವುದು ನಿಂಬೆಉಪ್ಪು, ಅಂದರೆ ಸಿಟ್ರಿಕ್ ಆಸಿಡ್. 5 ಲೀಟರ್ ಉಗುರುಬೆಚ್ಚಗಿನ ನೀರಿಗೆ 15 ಗ್ರಾಂ ಹಾಕಿ ಪೂರ್ತಿ ಕರಗಿಸಿ, ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ಅರ್ಧ ಗಂಟೆ ಮುಳುಗಿಸಿಡುತ್ತೇನೆ. ಲೋಹದ ಗುಂಡಿ, ಜಿಪ್ಪು ಇದ್ದರೆ ಅದಕ್ಕಿಂತ ಹೆಚ್ಚು ಹೊತ್ತು ಬೇಡ. ಆಮೇಲೆ ಎರಡು ಮೂರು ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಹಾಕಬೇಕು. ಫಲಿತಾಂಶವನ್ನು ಒಣಗಿದ ಮೇಲೇ ನೋಡಿ, ಒದ್ದೆಯಿದ್ದಾಗ ಎಲ್ಲವೂ ಕಪ್ಪೇ. ವಾರವಾರದ ಒಗೆತಕ್ಕೆ ಇಷ್ಟು ಬೇಡ. ಕೊನೆಯ ಜಾಲಿಸುವ ನೀರಿಗೆ, 10 ಲೀಟರಿಗೆ 100 ಮಿಲಿ ಬಿಳಿ ವಿನೆಗರ್ ಸಾಕು. ವಿನೆಗರನ್ನಾಗಲಿ ನಿಂಬೆಉಪ್ಪನ್ನಾಗಲಿ ಬ್ಲೀಚ್ ಜೊತೆ ಯಾವತ್ತೂ ಬೆರೆಸಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಇಷ್ಟು ಮಾಡಿದರೂ ಮಂಕು ಹೋಗದಿದ್ದರೆ ಬಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮೊಣಕಾಲು, ಕಾಲರ್, ಜೇಬಿನ ಅಂಚಿನಲ್ಲಿ ಕೂದಲಿನಂಥ ಎಳೆಗಳು ಎದ್ದಿರುತ್ತವೆ. ಬ್ರಷ್ಷು ಹಾಕಿ ಉಜ್ಜಿದ್ದು, ಕಲ್ಲಿನ ಮೇಲೆ ಬಡಿದದ್ದು, ಮೆಷಿನ್ನಿಗೆ ಒತ್ತಿ ತುಂಬಿದ್ದು ಇದಕ್ಕೆ ಕಾರಣ. ಆ ನವಿರು ಬೆಳಕನ್ನು ಚೆದುರಿಸುವುದರಿಂದಲೇ ಕಪ್ಪು ಬೂದಿಯಾಗಿ ಕಾಣುವುದು. ಹೊಸೆದು ಉಂಡೆ ಕಟ್ಟಿದ್ದನ್ನು ಬ್ಯಾಟರಿಯ ಲಿಂಟ್ ರಿಮೂವರಿನಿಂದ ಮೆಲ್ಲಗೆ ಬೋಳಿಸಬಹುದು. ಹತ್ತಿಯ ಸಣ್ಣ ನವಿರಿಗೆ ಹತ್ತಿಯ ಎಳೆಯನ್ನು ಒಡೆಯುವ ಸೆಲ್ಯುಲೇಸ್ ಕಿಣ್ವವಿರುವ ಡಿಟರ್ಜೆಂಟು ಕೆಲಸ ಮಾಡುತ್ತದೆ, ಆದರೆ ಒಂದೇ ಒಗೆತದಲ್ಲಿ ಅಲ್ಲ.

ಶಬರಿಮಲೆಗೆ ಮಾಲೆ ಹಾಕಿದವರು 41 ದಿನವೂ ಕಪ್ಪು ಪಂಚೆಯನ್ನು ದಿನಾ ಒಗೆಯುತ್ತಾರೆ. ಅವರಿಗೆ ನಾನು ಹೇಳುವುದು: ತಣ್ಣೀರು, ಒಂದು ಬಕೆಟ್ಟಿಗೆ 15 ಮಿಲಿ ಲಿಕ್ವಿಡ್ ಡಿಟರ್ಜೆಂಟು, ಹತ್ತು ನಿಮಿಷಕ್ಕಿಂತ ಹೆಚ್ಚು ನೆನೆಹಾಕುವುದು ಬೇಡ, ಕೈಯಲ್ಲಿ ಅದುಮಿ ತೆಗೆಯಿರಿ, ತಿರುಚಿ ಹಿಂಡಬೇಡಿ. ಬೆವರು ಮಾತ್ರ ಇದ್ದರೆ ಬರೀ ನೀರು ಸಾಕು. ಬಿಳಿ ಬಟ್ಟೆ ಹೊಳೆಯಿಸುವ ಪುಡಿಗಳಲ್ಲಿರುವ ಬ್ರೈಟ್ನರ್ ಕಪ್ಪಿನ ಮೇಲೆ ನೀಲಿಬಿಳಿ ಮಂಕು ಬಿಡುತ್ತದೆ. ಬಿಸಿಲಂತೂ ಬಣ್ಣವನ್ನೇ ಒಡೆಯುತ್ತದೆ, ತಂತಿಯ ಮೇಲಿನ ಮಡಿಕೆಯ ಗೆರೆ ಮೊದಲು ಕಂದಾಗುವುದು ಅದಕ್ಕೇ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ಕಚ್ಚಿಕೊಳ್ಳುತ್ತದೆ ಎಂಬ ಮಾತನ್ನು ನಂಬಬೇಡಿ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸವಿದೆ, ಅಂಗಡಿಯಿಂದ ತಂದ ಬಟ್ಟೆಗೆ ಇಲ್ಲ.

ಇನ್ನು ಬಣ್ಣವೇ ಹೋಗಿದ್ದರೆ. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ. ಸಲ್ಫರ್ ಬ್ಲ್ಯಾಕ್ ಎಂಬ ಗಂಧಕದ ಕಪ್ಪು ಬಣ್ಣ ಹಾಕಿದ ಹತ್ತಿ ಬಟ್ಟೆ ಸೆಕೆ, ತೇವದ ಕಪಾಟಿನಲ್ಲಿ ಬಹಳ ಕಾಲ ಇದ್ದರೆ ಅದರಲ್ಲೇ ಆಮ್ಲ ಹುಟ್ಟಿ ನೂಲು ಸಾಯುತ್ತದೆ. ಸುಲಭವಾಗಿ ಹರಿದರೆ ಅಲ್ಲಿಗೇ ಬಿಡಿ. ಲೇಬಲ್ಲಿನಲ್ಲಿ ಪಾಲಿಯೆಸ್ಟರ್ ಅರ್ಧಕ್ಕಿಂತ ಹೆಚ್ಚಿದ್ದರೂ ಮನೆಯ ಬಣ್ಣ ಹಿಡಿಯುವುದಿಲ್ಲ.

ಹತ್ತಿಗೆ ನಾನು ಹಾಕುವುದು ತಣ್ಣೀರಲ್ಲಿ ಹಿಡಿಯುವ ರಿಯಾಕ್ಟಿವ್ ಕಪ್ಪು, ಅಂದರೆ ನೂಲಿನ ಜೊತೆಗೇ ರಾಸಾಯನಿಕವಾಗಿ ಬೆಸೆಯುವ ಬಣ್ಣ. ಒಣಗಿದ ಬಟ್ಟೆ 500 ಗ್ರಾಂ ತೂಗಿದರೆ 10 ಲೀಟರ್ ನೀರು, 20 ಗ್ರಾಂ ಬಣ್ಣ, 500 ಗ್ರಾಂ ಉಪ್ಪು, 100 ಗ್ರಾಂ ಸೋಡಾ ಆಷ್ (ನೀರಿನಂಶವಿಲ್ಲದ ವಾಷಿಂಗ್ ಸೋಡಾ ಪುಡಿ). ಹರಳು ರೂಪದ ವಾಷಿಂಗ್ ಸೋಡಾ ಸಿಕ್ಕಿದರೆ 270 ಗ್ರಾಂ ಬೇಕು, ಅದರ ತೂಕದಲ್ಲಿ ಹೆಚ್ಚಿನ ಪಾಲು ನೀರೇ. ಮಳೆನೀರೋ ಆರ್‌ಒ ನೀರೋ ಆದರೆ ಒಳ್ಳೆಯದು. ಮೊದಲು ಬಟ್ಟೆಯನ್ನು ನಿಂಬೆಉಪ್ಪಿನಲ್ಲಿ ತೊಳೆದು, ಡಿಟರ್ಜೆಂಟಲ್ಲಿ ಒಗೆದು, ಒದ್ದೆಯಾಗಿಯೇ ಇಟ್ಟುಕೊಳ್ಳಬೇಕು. ಜಿಡ್ಡು ಉಳಿದ ಕಡೆ ತೇಪೆ ತೇಪೆಯಾಗುತ್ತದೆ. ಕೈಗವಸು, ಮಾಸ್ಕು ಹಾಕಿಕೊಳ್ಳಿ. ಈ ಪುಡಿ ಉಸಿರಿಗೆ ಸೇರಬಾರದು. ಅಡುಗೆಯ ಪಾತ್ರೆ ಬಳಸಬೇಡಿ.

ಪುಡಿಯನ್ನು ಸ್ವಲ್ಪ ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಗಂಟಿಲ್ಲದಂತೆ ಸೋಸಿ, ಉಪ್ಪು ಕರಗಿಸಿದ ಬಕೆಟ್ಟಿಗೆ ಸೇರಿಸಿ. ಬಟ್ಟೆ ಇಳಿಸಿ 20 ನಿಮಿಷ ಬಿಡದೆ ತಿರುವಿ. ಬಟ್ಟೆ ಹೊರತೆಗೆದು, ಬೇರೆ ಕರಗಿಸಿಟ್ಟ ಸೋಡಾ ಬೆರೆಸಿ, ಮತ್ತೆ ಇಳಿಸಿ ಒಂದು ಗಂಟೆ ಆಗಾಗ ತಿರುವುತ್ತಿರಿ. ಸೋಡಾವನ್ನು ಬಟ್ಟೆಯ ಮೇಲೇ ಸುರಿದರೆ ಬಿದ್ದಲ್ಲಿ ಕಲೆ ನಿಲ್ಲುತ್ತದೆ. ಸೋಡಾ ಬಿದ್ದ ಮೇಲೆ ಬಣ್ಣದ ನೀರು ಕೆಲವೇ ಗಂಟೆಗಳಲ್ಲಿ ಸತ್ತುಹೋಗುತ್ತದೆ, ನಾಳೆಗೆ ಎತ್ತಿಡಲಾಗದು.

ತೊಳೆಯುವುದನ್ನು ಹೆಚ್ಚಿನವರು ಅರ್ಧಕ್ಕೇ ಬಿಡುತ್ತಾರೆ. ಮೊದಲು ತಣ್ಣೀರಲ್ಲಿ ಬಣ್ಣ ತಿಳಿಯಾಗುವ ತನಕ, ಆಮೇಲೆ 60 ಡಿಗ್ರಿಗಿಂತ ಬಿಸಿಯಾದ ಡಿಟರ್ಜೆಂಟು ನೀರಲ್ಲಿ ಹತ್ತು ನಿಮಿಷ, ಮತ್ತೆ ತಣ್ಣೀರು. ಕಪ್ಪು ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು ಇದೊಂದೇ ಸಲ: ನೂಲಿಗೆ ಕಚ್ಚದೆ ಉಳಿದ ಬಣ್ಣ ತಣ್ಣೀರಿಗೆ ಬಿಡುವುದಿಲ್ಲ, ಆಮೇಲೆ ಮೈಗೆ, ಬನಿಯನ್ನಿಗೆ ಅಂಟುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಇನ್ನೂ ಕಪ್ಪು ಬಂದರೆ ಬಿಸಿನೀರು ಮತ್ತೊಮ್ಮೆ.