ಲ್ಯಾಪ್‌ಟಾಪ್ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಮೂರು ಫೋಟೋ

ಹರಿಹರದ ಮದುವೆಯೊಂದರ ಆಲ್ಬಂ ಕೊಡಲು ಹೋಗಿದ್ದೆ. ಮದುಮಗಳ ಅಜ್ಜಿ ಕನ್ನಡಕ ಏರಿಸಿಕೊಂಡು ಅರಿಶಿನ ಶಾಸ್ತ್ರದ ಪುಟ ತೆಗೆದರು. ಬೆರಳಿಟ್ಟು ಕೇಳಿದರು: "ಅಲ್ಲಪ್ಪಾ, ನಮ್ಮ ಹುಡುಗಿ ಮುಖಕ್ಕೆ ನಾವು ಅರಿಶಿನ ಹಚ್ಚಿದ್ವೋ, ಬ್ಯಾಡಗಿ ಖಾರದಪುಡಿ ಹಚ್ಚಿದ್ವೋ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾರನೇ ದಿನ 36 ಹಾಳೆ ಮತ್ತೆ ಪ್ರಿಂಟ್ ಹಾಕಿಸಿದ್ದು ನನ್ನ ಜೇಬಿನಿಂದ.

ಮೊದಲು ಲ್ಯಾಬಿನವನ ಮೇಲೇ ಜಗಳಕ್ಕೆ ಹೋಗಿದ್ದೆ. ಅವನು ಅದೇ ಫೈಲನ್ನು ತನ್ನ ಮಾನಿಟರಿನಲ್ಲಿ ತೆರೆದು ತೋರಿಸಿದ. ಅಲ್ಲೂ ಖಾರದಪುಡಿಯೇ. ನನ್ನ ಲ್ಯಾಪ್‌ಟಾಪಿನ ಪರದೆ ಕೆಂಪು, ಹಳದಿಯನ್ನೆಲ್ಲ ಸಪ್ಪೆ ಮಾಡಿ ತೋರಿಸುತ್ತಿತ್ತು. ಸಪ್ಪೆ ಕಂಡಿತಲ್ಲ ಅಂತ ನಾನು ಸ್ಯಾಚುರೇಶನ್ (ಬಣ್ಣದ ಗಾಢತೆ) ಮೇಲಕ್ಕೆ ಎಳೆದೆ. ಜ್ವರ ಬಂದ ನಾಲಿಗೆಯಲ್ಲಿ ಸಾರಿನ ಉಪ್ಪು ನೋಡಿದ ಹಾಗಾಯಿತು ಕೆಲಸ. ಪ್ರೊಸೆಸರ್ ಚೆನ್ನಾಗಿತ್ತು, ಗ್ರಾಫಿಕ್ಸ್ ಕಾರ್ಡೂ ಇತ್ತು. ಗೇಮ್ ಆಡುವ ಹುಡುಗರು ಹೊಗಳಿದ್ದನ್ನು ಕೇಳಿ ತಂದಿದ್ದ ಮೆಷಿನ್ ಅದು.

ಆವತ್ತಿನಿಂದ ದಾವಣಗೆರೆಯಲ್ಲಿ ಯಾರಾದರೂ "ಅಣ್ಣಾ, ಫೋಟೋ ಎಡಿಟಿಂಗ್‌ಗೆ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ" ಅಂದರೆ ನನ್ನ ಉತ್ತರ ಒಂದೇ. ಆಮೇಲೆ ಬದಲಿಸಲಾಗದ ಭಾಗಕ್ಕೆ ಈಗ ದುಡ್ಡು ಹಾಕಿ, ಬದಲಿಸಬಹುದಾದ್ದನ್ನು ಆಮೇಲೆ ನೋಡಿಕೊಳ್ಳಿ. ಪರದೆ, ತೂಕ, ಪೋರ್ಟುಗಳು ಕೊಂಡ ದಿನ ಹೇಗಿದ್ದವೋ ಕೊನೆಯವರೆಗೂ ಹಾಗೇ. ಎಸ್‌ಎಸ್‌ಡಿ (ಫೈಲುಗಳು ಕೂರುವ ಡಿಸ್ಕ್) ಬಹುತೇಕ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಬದಲಾಗುತ್ತದೆ. ರ‍್ಯಾಮ್ (ಕೆಲಸ ಮಾಡುವಾಗ ಬಳಕೆಯಾಗುವ ಮೆಮೊರಿ) ಕೆಲವದರಲ್ಲಿ ಬದಲಾಗುತ್ತದೆ, ಕೆಲವದರಲ್ಲಿ ಇಲ್ಲ. ಜಾಹೀರಾತಿನಲ್ಲಿ ಮಾತ್ರ ಇದು ಉಲ್ಟಾ. ಪ್ರೊಸೆಸರ್ ಹೆಸರು ದಪ್ಪಕ್ಷರದಲ್ಲಿರುತ್ತದೆ, ಪರದೆ ಬಗ್ಗೆ "ಫುಲ್ ಎಚ್‌ಡಿ" ಅಂತ ಬರೆದು ಕೈತೊಳೆದುಕೊಂಡಿರುತ್ತಾರೆ.

ಫುಲ್ ಎಚ್‌ಡಿ ಅನ್ನುವುದು ಚುಕ್ಕಿಗಳ ಲೆಕ್ಕ, ಬಣ್ಣದ ಲೆಕ್ಕ ಅಲ್ಲ. ವಿವರದ ಪಟ್ಟಿಯಲ್ಲಿ ಕೆಳಗೆ ಎಲ್ಲೋ "45% ಎನ್‌ಟಿಎಸ್‌ಸಿ" ಅಂತ ಕಂಡರೆ (ಅದು ಪರದೆಯ ಬಣ್ಣಗಳ ಅಳತೆ) ಅಲ್ಲಿಗೇ ಬಿಡಿ. ಎಸ್‌ಆರ್‌ಜಿಬಿ (ಫೋನು, ವೆಬ್‌ಸೈಟುಗಳ ಸಾಮಾನ್ಯ ಬಣ್ಣದ ಗುಂಪು) ಬಣ್ಣಗಳಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲನ್ನಷ್ಟೇ ಅದು ತೋರಿಸಬಲ್ಲದು. ನನ್ನ ಮೆಷಿನ್ನಿನದು ಇದೇ ಪರದೆ. "100% ಎಸ್‌ಆರ್‌ಜಿಬಿ" ಅಂತ ಇದ್ದರೆ ಮುಂದಕ್ಕೆ ಓದಿ. "72% ಎನ್‌ಟಿಎಸ್‌ಸಿ" ಅಂತಿದ್ದರೂ ಸುಮಾರಾಗಿ ಅದೇ ಅರ್ಥ. ಏನೂ ಬರೆದಿಲ್ಲವೆಂದರೆ ಕೆಟ್ಟದ್ದೇ ಅಂದುಕೊಳ್ಳಿ, ಒಳ್ಳೆಯದಾಗಿದ್ದರೆ ಬರೆಯದೆ ಬಿಡುತ್ತಿದ್ದರೇ? ಅಡೋಬಿ ಆರ್‌ಜಿಬಿ, ಪಿ3 ಅಂತೆಲ್ಲ ಇನ್ನೂ ಹೆಚ್ಚು ಬಣ್ಣದ ದೊಡ್ಡ ಹೆಸರುಗಳಿವೆ. ಮದುವೆ ಆಲ್ಬಂ, ಇನ್‌ಸ್ಟಾಗ್ರಾಂ, ವಾಟ್ಸಾಪ್ ಇಷ್ಟೇ ನಿಮ್ಮ ಲೋಕವಾಗಿದ್ದರೆ ಎಸ್‌ಆರ್‌ಜಿಬಿ ಪೂರ್ತಿ ಸಿಕ್ಕರೆ ಧಾರಾಳ ಸಾಕು.

ಒಂದೇ ಮಾದರಿಯ ಲ್ಯಾಪ್‌ಟಾಪಿಗೆ ಎರಡು ಮೂರು ಬಗೆಯ ಪರದೆ ಹಾಕಿ ಮಾರುವುದೂ ಉಂಟು. ಹೊರಗಿನ ಹೆಸರು ಒಂದೇ, ಕೊನೆಯ ಎರಡಕ್ಷರ ಬೇರೆ. ಗೆಳೆಯ ತಂದದ್ದು ಚೆನ್ನಾಗಿದೆ ಅಂತ ಅದೇ ಹೆಸರು ಹೇಳಿ ತಂದು ಮೋಸಹೋದವರಿದ್ದಾರೆ. ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿಯ ಸೈಟಿನಲ್ಲಿ ಹೊಂದಿಸಿ ನೋಡಿ.

ಇನ್ನು ಪೆನ್‌ಡ್ರೈವ್ ವಿಷಯ. ಅಂಗಡಿಗೆ ಹೋಗುವಾಗ ಅದರಲ್ಲಿ ನಿಮ್ಮವೇ ಮೂರು ಫೋಟೋ ಒಯ್ಯಿರಿ. ಅಂಗಡಿಯವರ ಡೆಮೋ ವಿಡಿಯೋದಲ್ಲಿ ಗಿಳಿ, ಸ್ಟ್ರಾಬೆರಿ ಎಲ್ಲ ಪರದೆಯಲ್ಲೂ ಚೆನ್ನಾಗಿಯೇ ಕಾಣುತ್ತವೆ. ನನ್ನ ಮೂರು ಇವು.

ಮೊದಲನೆಯದು ಸೂಳೆಕೆರೆಯ ಸಂಜೆ. ಮುಕ್ಕಾಲು ಭಾಗ ಬರೀ ಆಕಾಶ, ಕಿತ್ತಳೆಯಿಂದ ನೀಲಿಗೆ ಮೆಲ್ಲಗೆ ಜಾರುವ ಬಣ್ಣ. ಕೆಟ್ಟ ಪರದೆಯಲ್ಲಿ ಅದು ಜಾರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬೀಳುತ್ತದೆ. ಎರಡನೆಯದು ಅರಿಶಿನ ಹಚ್ಚಿದ ಮುಖ, ಪಕ್ಕದಲ್ಲಿ ಕುಂಕುಮ ಬಣ್ಣದ ಸೀರೆ. ಇದರ ಪ್ರಿಂಟೂ ಜೇಬಿನಲ್ಲಿರಲಿ. ಪರದೆಯ ಪಕ್ಕ ಪ್ರಿಂಟ್ ಹಿಡಿದು ನೋಡಿದರೆ ಅಂಗಡಿಯವನ ಮಾತು ಬೇಕಾಗುವುದಿಲ್ಲ. ಮೂರನೆಯದು ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯ ಬಳಿ ತೆಗೆದದ್ದು. ಮೇಲೆ ಬಿಸಿಲು ಬಡಿದ ಬಂಡೆ, ಸಂದಿಯಲ್ಲಿ ಕತ್ತಲು. ಆ ಕತ್ತಲಲ್ಲಿ ಕಲ್ಲಿನ ಮೇಲ್ಮೈಯ ಉಬ್ಬುತಗ್ಗು ನನಗೆ ಕಾಣಬೇಕು. ಬರೀ ಮಸಿ ಬಳಿದ ಹಾಗೆ ಕಂಡರೆ ಬೇಡ. ಬೂದು ಹೊಗೆ ಕವಿದ ಹಾಗೆ ಕಂಡರೂ ಬೇಡ.

ನೋಡುವ ಮೊದಲು ಸೆಟ್ಟಿಂಗಿನಲ್ಲಿ ಪರದೆಗೆ ಹಳದಿ ಛಾಯೆ ಕೊಡುವ ನೈಟ್ ಲೈಟ್ ಆಫ್ ಮಾಡಿ. ಬಣ್ಣ ಉಬ್ಬಿಸುವ "ವಿವಿಡ್" ಥರದ್ದೇನಾದರೂ ಇದ್ದರೆ ಅದನ್ನೂ ತೆಗೆಯಿರಿ. ಪರದೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಪಕ್ಕದಿಂದಲೂ ನೋಡಿ. ಓಎಲ್‌ಇಡಿ (ಪ್ರತಿ ಚುಕ್ಕಿಯೂ ತಾನೇ ಬೆಳಗುವ) ಪರದೆಯಾದರೆ ಕಪ್ಪು ನಿಜಕ್ಕೂ ಕಪ್ಪು, ನೋಡಲು ಹಬ್ಬ. ಅದರಲ್ಲಿ ಎಸ್‌ಆರ್‌ಜಿಬಿ ಮೋಡ್ ಇದೆಯೇ ಕೇಳಿ. ಇಲ್ಲದಿದ್ದರೆ ನನ್ನ ಕಥೆಯೇ ತಿರುವುಮುರುವಾಗುತ್ತದೆ: ಪರದೆಯಲ್ಲಿ ಬಣ್ಣ ತುಂಬಿ ತುಳುಕುತ್ತದೆ, ನೀವು ಕಡಿಮೆ ಮಾಡುತ್ತೀರಿ, ಪ್ರಿಂಟ್ ಸಪ್ಪೆ ಬರುತ್ತದೆ. ಬೆಳಕು ತಗ್ಗಿಸಿದಾಗ ಕೆಲವು ಓಎಲ್‌ಇಡಿಗಳು ಮಿನುಗಿ ಕಣ್ಣು ನೋಯಿಸುವುದೂ ಇದೆ. ಹತ್ತು ನಿಮಿಷ ಕೂತು ನೋಡಿ.

ಪ್ರಯಾಣಕ್ಕೆ ಪರದೆಯ ಇನ್ನೊಂದು ಅಂಕಿ ಮುಖ್ಯ, ನಿಟ್ಸ್, ಅಂದರೆ ಪರದೆ ಎಷ್ಟು ಬೆಳಗುತ್ತದೆ ಅನ್ನುವ ಅಳತೆ. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಊರಿಗೆ ಊರೇ ಆ ಅಣೆಕಟ್ಟಿರುವ ಮಾರಿಕಣಿವೆಗೆ ಓಡಿತ್ತು, ನಾನೂ ಓಡಿದ್ದೆ. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಫೋಟೋ ಆರಿಸೋಣ ಅಂತ ಲ್ಯಾಪ್‌ಟಾಪ್ ತೆರೆದರೆ ಕೋಡಿ ನೀರೂ ಇಲ್ಲ, ಕಣಿವೆಯೂ ಇಲ್ಲ. ಕಂಡದ್ದು ನನ್ನ ಬೆವರಿದ ಮುಖ ಮಾತ್ರ. 250 ನಿಟ್ಸ್ ಪರದೆಯ ಹಣೆಬರಹ ಅಷ್ಟೇ. ಹೊರಗೆ ಕೆಲಸ ಮಾಡುವವರಿಗೆ 300 ಕನಿಷ್ಠ, 400 ಇದ್ದರೆ ನೆಮ್ಮದಿ.

ರ‍್ಯಾಮ್ 16 ಜಿಬಿಗಿಂತ ಕಡಿಮೆ ಇದ್ದರೆ ಇವತ್ತಿನ ಲೈಟ್‌ರೂಮ್, ಫೋಟೋಶಾಪ್ ಎರಡನ್ನೂ ಒಟ್ಟಿಗೆ ತೆರೆಯುವ ಆಸೆ ಬಿಡಿ. ನನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಕ್ಯಾಮೆರಾ ಹಿಡಿದದ್ದು ಹಿಡಿದ ಹಾಗೇ ಇರುವ ಫೈಲ್) 25ರಿಂದ 30 ಎಂಬಿ. ಕೋಟೆಯ ಮೇಲಿನಿಂದ ಹನ್ನೆರಡು ಫ್ರೇಮ್ ತೆಗೆದು ಪನೋರಮಾ ಹೊಲಿಯಲು ಹಾಕಿದರೆ ಹಳೆಯ 8 ಜಿಬಿ ಮೆಷಿನ್ ನಿಂತೇ ಬಿಡುತ್ತಿತ್ತು. ನಾನು ಹೋಗಿ ಖಾರ ಮಂಡಕ್ಕಿ, ಮಿರ್ಚಿ ತಿಂದು ಬಂದರೂ ಅದೇ ಜಾಗದಲ್ಲಿ.

ಆದರೆ ನಿಧಾನ ಅಂದ ತಕ್ಷಣ ರ‍್ಯಾಮ್ ಕೊಳ್ಳಲು ಓಡಬೇಡಿ. ಅದರ ರೇಟು ಚಳ್ಳಕೆರೆ ಈರುಳ್ಳಿಯ ಹಾಗೆ, ಯಾವಾಗ ಏರುತ್ತದೋ ಹೇಳಲಾಗದು. ಮೊದಲು ರೋಗ ಯಾವುದು ನೋಡಿ. ನೂರು ಫೋಟೋ ಎಕ್ಸ್‌ಪೋರ್ಟ್‌ಗೆ ಹಾಕಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಮೆಮೊರಿ 90% ದಾಟಿ ಡಿಸ್ಕ್ ಒದ್ದಾಡುತ್ತಿದ್ದರೆ ರ‍್ಯಾಮ್ ಬೇಕು. ಮೆಮೊರಿ ಅರ್ಧ ಖಾಲಿಯಿದ್ದು ಪ್ರೊಸೆಸರ್ 100% ಇದ್ದರೆ ರ‍್ಯಾಮ್ ಹಾಕಿಸಿ ಪ್ರಯೋಜನವಿಲ್ಲ. ಅದೇ ಮೆಮೊರಿ ಪುಟದಲ್ಲಿ "ಫಾರ್ಮ್ ಫ್ಯಾಕ್ಟರ್" ಅಂತ ಒಂದು ಸಾಲು ಇರುತ್ತದೆ. "ಸೋಡಿಮ್" ಅಂತಿದ್ದರೆ ಕಡ್ಡಿ ತೆಗೆದು ಹಾಕಬಹುದು. "ರೋ ಆಫ್ ಚಿಪ್ಸ್" ಅಂತಿದ್ದರೆ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ, ಕೈ ಮುಗಿದು ಬನ್ನಿ. ಹಳೆಯ ತಲೆಮಾರಿನ ಡಿಡಿಆರ್4 ಕಡ್ಡಿಯ ಜಾಗಕ್ಕೆ ಹೊಸ ತಲೆಮಾರಿನ ಡಿಡಿಆರ್5 ಕೂರುವುದಿಲ್ಲ, ನಡುವಿನ ಕಚ್ಚು ಬೇರೆ ಕಡೆ ಇರುತ್ತದೆ.

ಎಸ್‌ಎಸ್‌ಡಿ ಬದಲಿಸುವುದನ್ನು ನಾನು ಮನೆಯ ಊಟದ ಮೇಜಿನ ಮೇಲೇ ಮಾಡಿದೆ. ಕಷ್ಟವೇನಿಲ್ಲ. ಆದರೂ ಒಂದು ರಾತ್ರಿ ನಿದ್ದೆಗೆಟ್ಟೆ.

ಮೊದಲ ತಪ್ಪು ವರ್ಷಗಳ ಹಿಂದೆಯೇ ಆಗಿತ್ತು. ಮೆಷಿನ್ ಕೊಂಡ ದಿನ ಅಂಗಡಿಯ ಹುಡುಗ "ನಾನೇ ಸೆಟಪ್ ಮಾಡಿಕೊಡ್ತೀನಿ ಸಾರ್" ಅಂದ. ನಾನು ಟೀ ಕುಡಿಯುತ್ತಾ ಕೂತೆ. ಅವನು ತನ್ನ ಈಮೇಲ್ ಹಾಕಿ ವಿಂಡೋಸ್ ಶುರುಮಾಡಿದ್ದ. ಹಳೆಯ ಎಸ್‌ಎಸ್‌ಡಿಯನ್ನು ಹೊಸದಕ್ಕೆ ನಕಲು ಮಾಡಿ, ಜೋಡಿಸಿ, ಆನ್ ಮಾಡಿದರೆ ನೀಲಿ ಪರದೆ: ಬಿಟ್‌ಲಾಕರ್ ರಿಕವರಿ ಕೀ ಕೊಡಿ, 48 ಅಂಕಿ. ಬಿಟ್‌ಲಾಕರ್ ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಆ ಕೀ ಯಾರ ಖಾತೆಯಲ್ಲಿದೆ? ಆ ಹುಡುಗನ ಖಾತೆಯಲ್ಲಿ. ಹುಡುಗ ಎಲ್ಲಿದ್ದಾನೆ? ಕೆಲಸ ಬಿಟ್ಟು ಯಾವ ಕಾಲವಾಯಿತೋ. ಪುಣ್ಯಕ್ಕೆ ಹಳೆಯ ಎಸ್‌ಎಸ್‌ಡಿಯನ್ನು ಅಳಿಸಿರಲಿಲ್ಲ. ಅದನ್ನೇ ಮತ್ತೆ ಹಾಕಿದೆ, ಏನೂ ಕೇಳದೆ ತೆರೆಯಿತು. ಬಿಟ್‌ಲಾಕರ್ ಪೂರ್ತಿ ಆಫ್ ಮಾಡಿ, ಬೀಗ ಬಿಚ್ಚುವವರೆಗೆ ಕಾದು, ಮತ್ತೊಮ್ಮೆ ನಕಲು ಮಾಡಿದೆ.

ಹಾಗಾಗಿ ನೀವು ಮಾಡುವಾಗ ಕ್ರಮ ಹೀಗಿರಲಿ. ಮೆಷಿನ್ ನಿಮ್ಮದೇ ಖಾತೆಯಲ್ಲಿದೆಯೇ ನೋಡಿ. ಬಿಟ್‌ಲಾಕರ್ ಕೀಯನ್ನು ಕಾಗದದ ಮೇಲೆ ಬರೆದಿಟ್ಟು ಆಮೇಲೆ ಅದನ್ನು ಆಫ್ ಮಾಡಿ. ಯುಎಸ್‌ಬಿ ಡಬ್ಬಿಯಲ್ಲಿ ಹೊಸ ಎಸ್‌ಎಸ್‌ಡಿ ಹಾಕಿ ನಕಲು ಮಾಡಿ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿ, ಆಗ ಮಾತ್ರ ಅದು ಪೂರ್ತಿ ಆಫ್ ಆಗುತ್ತದೆ. ತಳದ ಸ್ಕ್ರೂಗಳನ್ನು ಬಿಚ್ಚುತ್ತಾ ಹೋದ ಹಾಗೆ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಾಕುತ್ತಾ ಬನ್ನಿ, ಹಿಂದಿನ ಸಾಲಿನವು ಒಂದು ಗುಳಿ, ಮುಂದಿನವು ಇನ್ನೊಂದು. ಉದ್ದದಲ್ಲಿ ವ್ಯತ್ಯಾಸ ಇರುತ್ತದೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿ ತಿರುವಿದರೆ ಕೈ ಇಡುವ ಜಾಗದಲ್ಲಿ ತೂತು ಬಿದ್ದು ಮೂತಿ ಹೊರಗೆ ಬರುತ್ತದೆ. ಮನೆಯವಳು "ಇಡ್ಲಿ ತಟ್ಟೆ ಮುಟ್ಟಬೇಡಿ" ಅಂದರೆ ಬೇರೆ ಕೊಂಡುಕೊಳ್ಳಿ, ನಾನು ಕೊಂಡೆ. ಸಂದಿ ಬಿಡಿಸಲು ಪ್ಲಾಸ್ಟಿಕ್ ಪಿಕ್ ಬಳಸಿ, ಸ್ಕ್ರೂಡ್ರೈವರ್ ತುದಿ ಹಾಕಿ ಮೀಟಬೇಡಿ. ತಳ ತೆರೆದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ತೆಗೆಯುವುದು. ಎಸ್‌ಎಸ್‌ಡಿಯ ಒಂಟಿ ಸ್ಕ್ರೂ ಬಿಚ್ಚಿದರೆ ಅದೇ ಓರೆಯಾಗಿ ಮೇಲೇಳುತ್ತದೆ. ಹೊಸದನ್ನೂ ಅದೇ ಓರೆಯಲ್ಲಿ ತೂರಿಸಿ, ಒತ್ತಿ, ಸ್ಕ್ರೂ ಹಾಕಿ. ವಾರಂಟಿ ಇನ್ನೂ ಇದ್ದರೆ ತೆರೆಯುವ ಮುನ್ನ ಒಮ್ಮೆ ಷರತ್ತು ಓದಿ.

ಗ್ರಾಫಿಕ್ಸ್ ಕಾರ್ಡ್ ಎಲ್ಲರಿಗೂ ಬೇಕಿಲ್ಲ. ಜಗಳೂರಿನ ಆಚೆ ರಂಗಯ್ಯನದುರ್ಗದ ಕಡೆ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಹುಡುಕಿಕೊಂಡು ಬೆಳಗಿನ ಜಾವ ಹೋಗುವ ನನ್ನಂಥವರಿಗೆ ಬೇಕು. ಆ ಬೆಳಕಿನಲ್ಲಿ ಐಎಸ್‌ಒ 6400 (ಕತ್ತಲಿಗೆ ಏರಿಸುವ ಕ್ಯಾಮೆರಾ ಸೆಟ್ಟಿಂಗ್) ಇಲ್ಲದೆ ಆಗುವುದಿಲ್ಲ, ಕಾಳುಕಾಳಾದ ಚಿತ್ರವನ್ನು ನಯ ಮಾಡಲು ಲೈಟ್‌ರೂಮಿನ ಎಐ ಡಿನಾಯ್ಸ್‌ಗೆ ಹಾಕಬೇಕು. ಆ ಕೆಲಸ ಪೂರ್ತಿ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತದೆ. ಹಳೆಯ ಮೆಷಿನ್ನಿನಲ್ಲಿ ಫೋಟೋಗೆ ನಿಮಿಷಗಟ್ಟಲೆ ಹಿಡಿಯುತ್ತಿದ್ದದ್ದು ಈಗ ಸೆಕೆಂಡುಗಳ ಮಾತು. ಹಗಲು ಮದುವೆ, ಫ್ಲ್ಯಾಶ್ ಬೆಳಕು ಇಷ್ಟೇ ಆದರೆ ಆ ದುಡ್ಡನ್ನು ಪರದೆಗೆ ಹಾಕಿ.

ಮ್ಯಾಕ್‌ಬುಕ್ ಏರ್ ಬಗ್ಗೆ ಕೇಳುತ್ತಾರೆ. ಪರದೆ ಒಳ್ಳೆಯದು, ಬ್ಯಾಟರಿ ಒಳ್ಳೆಯದು, 13 ಇಂಚಿನದಾದರೆ ಸುಮಾರು 1.24 ಕಿಲೋ ತೂಕ. ಫ್ಯಾನ್ ಇಲ್ಲ, ಹಾಗಾಗಿ ಮಂಡಕ್ಕಿ ಭಟ್ಟಿಯ ಕಡೆ ಫೋಟೋಗೆ ಹೋದಾಗ ಧೂಳು ಎಳೆದುಕೊಳ್ಳುವುದಿಲ್ಲ. ನನ್ನದರ ಫ್ಯಾನನ್ನು ವರ್ಷಕ್ಕೊಮ್ಮೆ ಬಿಚ್ಚಿದಾಗ ಬೂದಿಯ ಉಂಡೆಯೇ ಸಿಗುತ್ತದೆ. ಆದರೆ ಮ್ಯಾಕ್‌ಬುಕ್ಕಿನಲ್ಲಿ ಕೊಂಡಷ್ಟೇ ಮೆಮೊರಿ, ಆಮೇಲೆ ಒಂದು ಜಿಬಿಯೂ ಸೇರದು. ಏರ್‌ನಲ್ಲಿ 2024ರ ಕೊನೆಯಿಂದ ಕನಿಷ್ಠ 16 ಜಿಬಿ ಕೊಡುತ್ತಿದ್ದಾರೆ. ಅದಕ್ಕಿಂತ ಹಳೆಯ 8 ಜಿಬಿಯದು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಎರಡು ಸಲ ಯೋಚಿಸಿ. ಸೆಕೆಂಡ್ ಹ್ಯಾಂಡ್ ವಿಂಡೋಸ್ ಲ್ಯಾಪ್‌ಟಾಪ್ ನೋಡುವವರು ಇಂಟೆಲ್ ಎಂಟನೇ ತಲೆಮಾರಿಗಿಂತ ಹಳೆಯದನ್ನು ಮುಟ್ಟಬೇಡಿ. ಅವಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಕಂಪನಿಗಳಿಂದ ಹೊರಬಿದ್ದ ಆಫೀಸ್ ಲ್ಯಾಪ್‌ಟಾಪುಗಳ ಮೈಕಟ್ಟು ಗಟ್ಟಿ, ಆದರೆ ಎಷ್ಟೋ ಬಾರಿ ಪರದೆ ಅದೇ 45%. ಪೆನ್‌ಡ್ರೈವ್ ಅಲ್ಲೂ ಬೇಕು.

ಚಾರ್ಜರನ್ನೂ ಕೈಯಲ್ಲಿ ಹಿಡಿದು ನೋಡಿ. ಗೇಮಿಂಗ್ ಮೆಷಿನ್ನಿನ ಚಾರ್ಜರ್ ಇಟ್ಟಿಗೆಯಷ್ಟಿರುತ್ತದೆ, ಕೋಟೆ ಹತ್ತುವಾಗ ಅದರ ಬೆಲೆ ಗೊತ್ತಾಗುತ್ತದೆ. ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗುವ ಲ್ಯಾಪ್‌ಟಾಪ್ ಆದರೆ 65 ವ್ಯಾಟಿನ ಒಂದೇ ಚಾರ್ಜರಿನಲ್ಲಿ ಫೋನು, ಲ್ಯಾಪ್‌ಟಾಪು ಎರಡೂ ನಡೆಯುತ್ತವೆ.

ಕ್ಯಾಮೆರಾದ ಕಾರ್ಡ್ ಹಾಕುವ ಸ್ಲಾಟ್ ಇದ್ದರೂ ಅದರ ವೇಗ ಪರೀಕ್ಷಿಸಿ. ಸೆಕೆಂಡಿಗೆ 90 ಎಂಬಿ ಓಡಿದರೆ 64 ಜಿಬಿ ಕಾರ್ಡ್ ಹನ್ನೆರಡು ನಿಮಿಷದಲ್ಲಿ ಖಾಲಿ. ಒಳಗೆ ಯುಎಸ್‌ಬಿ 2ಕ್ಕೆ ಜೋಡಿಸಿದ ಅಗ್ಗದ ಸ್ಲಾಟ್ ಆದರೆ ಅರ್ಧ ಗಂಟೆ. ಮದುವೆ ಮುಗಿಸಿ ರಾತ್ರಿ ಹನ್ನೊಂದಕ್ಕೆ ಲಾಡ್ಜಿಗೆ ಬಂದವನಿಗೆ ನಾಲ್ಕು ಕಾರ್ಡ್ ಇದ್ದರೆ ಲೆಕ್ಕ ಹಾಕಿಕೊಳ್ಳಿ. ನಾನು ಲ್ಯಾಪ್‌ಟಾಪಿಗೆ ಒಂದು ಪ್ರತಿ, ಹೊರಗಿನ ಎಸ್‌ಎಸ್‌ಡಿಗೆ ಒಂದು ಪ್ರತಿ ಮಾಡಿ, ಎಸ್‌ಎಸ್‌ಡಿಯನ್ನು ಬಟ್ಟೆ ಬ್ಯಾಗಿನಲ್ಲಿ ಬೇರೆ ಇಡುತ್ತೇನೆ. ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡುವುದು ದಾವಣಗೆರೆಗೆ ಬಂದು, ಸ್ಟುಡಿಯೋದ ಡಿಸ್ಕಿಗೆ ಮೂರನೇ ಪ್ರತಿ ಇಳಿದ ಮೇಲೆ.