ಮನೆಯಲ್ಲೇ ವೆನಿಲಾ ಹದ ಮಾಡುವುದು ಹೇಗೆ?

ಹಸಿ ವೆನಿಲಾ ಕೋಡಿಗೆ ಪರಿಮಳವೇ ಇಲ್ಲ. ಪರಿಮಳ ಕೊಡುವ ವೆನಿಲಿನ್ ಸಕ್ಕರೆಯ ಜೊತೆ ಬೆಸೆದುಕೊಂಡು ಒಳಗೆ ಅಡಗಿರುತ್ತದೆ. ಅದನ್ನು ಬಿಡಿಸುವುದು ಕೋಡಿನದೇ ಕಿಣ್ವ. ಕಿಣ್ವ ಕೆಲಸ ಮಾಡಬೇಕಾದರೆ ಕೋಡು ಬೆಚ್ಚಗೂ ಇರಬೇಕು, ತೇವವಾಗಿಯೂ ಇರಬೇಕು. ಕಾರ್ಕಳ, ಬೆಳ್ತಂಗಡಿ, ಪುತ್ತೂರು ಕಡೆಯ ಅಡಿಕೆ ತೋಟಗಳಲ್ಲಿ ನಾಲ್ಕು ಬಳ್ಳಿ ಉಳಿಸಿಕೊಂಡವರು ಎಡವುವುದು ಇಲ್ಲೇ. ಅಡಿಕೆ, ಕಾಳುಮೆಣಸು ಒಣಗಿಸಿ ರೂಢಿಯಾದ ಕೈ ವೆನಿಲಾವನ್ನೂ ಅಂಗಳಕ್ಕೆ ಹರಡಿಬಿಡುತ್ತದೆ. ಪರಿಮಳ ಹುಟ್ಟುವ ಮೊದಲೇ ನೀರು ಆರಿ ಕೋಡು ಕಡ್ಡಿಯಾಗುತ್ತದೆ. ಆಮೇಲೆ ಏನು ಮಾಡಿದರೂ ಅದು ಸರಿಹೋಗದು.

ಕೊಯ್ಲು

ಹೂವಿಗೆ ಕೈಯಲ್ಲಿ ಪರಾಗಸ್ಪರ್ಶ ಮಾಡಿದ ಮೇಲೆ ಕೋಡು ಬಲಿಯಲು 9ರಿಂದ 10 ತಿಂಗಳು ಬೇಕು. ತುದಿ ಹಳದಿಗೆ ತಿರುಗಿದ ಕೋಡನ್ನಷ್ಟೇ, ಒಂದೊಂದಾಗಿ, ದಿನ ಬಿಟ್ಟು ದಿನ ಬಿಡಿಸಿ. ಗೊನೆಗೊನೆಯೇ ಕತ್ತರಿಸಬೇಡಿ. 2003ರ ಸುಮಾರಿಗೆ ದರ ಏರಿದಾಗ ಕಳ್ಳರ ಭಯಕ್ಕೆ ಎಳೆಯ ಕೋಡು ಕೊಯ್ದವರು ಬಹಳ ಮಂದಿ; ಎಳೆಯದರಲ್ಲಿ ಬಿಡಿಸಲು ವೆನಿಲಿನ್ನೇ ಕಮ್ಮಿ. ಸೊನೆ ತಾಗಿದರೆ ತುರಿಕೆ ಬರುತ್ತದೆ, ಕೈಗವಸು ಹಾಕಿಕೊಳ್ಳಿ. ತೊಳೆದು, ಉದ್ದ ನೋಡಿ ವಿಂಗಡಿಸಿ. ತುದಿ ಸೀಳಿದವು ಬೇರೆ ಇರಲಿ.

ಬಿಸಿನೀರು

ಒಂದು ಕೆ.ಜಿ. ಕೋಡಿಗೆ ಕನಿಷ್ಠ 10 ಲೀಟರ್ ನೀರು. ನೀರು ಕಮ್ಮಿಯಾದರೆ ತಣ್ಣನೆಯ ಕೋಡು ಬಿದ್ದ ಕೂಡಲೇ ಶಾಖ ಜಾರುತ್ತದೆ. ನೀರು 65 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಉರಿ ಸಣ್ಣ ಮಾಡಿ, ಕೋಡುಗಳನ್ನು ಬುಟ್ಟಿಯಲ್ಲಿಟ್ಟು 3 ನಿಮಿಷ ಮುಳುಗಿಸಿ. ತೆಳ್ಳಗಿನವಕ್ಕೆ, ಸೀಳಿದವಕ್ಕೆ 2 ನಿಮಿಷ ಸಾಕು. ಅಷ್ಟು ಹೊತ್ತೂ ನೀರು 63ರಿಂದ 65ರ ನಡುವೆ ಇರಲಿ. ಬೆರಳದ್ದಿ ನೋಡುವ ಅಂದಾಜು ಇಲ್ಲಿ ನಡೆಯದು. ಶಾಖ ಹೆಚ್ಚಾದರೆ ಕಿಣ್ವ ಸತ್ತು ಕೋಡು ಬೇಯುತ್ತದೆ. ಕಮ್ಮಿಯಾದರೆ ಕೋಡು ಹಣ್ಣಾಗುತ್ತಲೇ ಹೋಗಿ ನಾಲ್ಕು ದಿನದಲ್ಲಿ ಸೀಳುತ್ತದೆ. ಅಗ್ಗದ ಮುಳ್ಳಿನ ಥರ್ಮಾಮೀಟರ್ ನಂಬಬೇಡಿ. ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ಇದ್ದರೂ ಒಮ್ಮೆ ಕುದಿಯುವ ನೀರಿಗಿಟ್ಟು 100ರ ಹತ್ತಿರ ತೋರಿಸುತ್ತದೆಯೇ ನೋಡಿ.

ಬೆವರಿಸುವುದು

ಇಡೀ ಕೆಲಸದ ಜೀವ ಇಲ್ಲಿದೆ. ನೀರಿನಿಂದ ತೆಗೆದ ಕೋಡನ್ನು ತಣ್ಣೀರಿಗೆ ಹಾಕಬೇಡಿ, ಗಾಳಿಗೆ ಆರಲೂ ಬಿಡಬೇಡಿ. ನೀರು ಬಸಿದು, ಬಿಸಿ ಇರುವಾಗಲೇ ಕರಿ ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ. ಮಲ್ಪೆಯಲ್ಲೋ ಬಂದರಿನಲ್ಲೋ ಮೀನು ತುಂಬಿದ ಹಳೆ ಪೆಟ್ಟಿಗೆ ಪುಕ್ಕಟೆ ಸಿಕ್ಕರೂ ಬೇಡ. ಎಷ್ಟು ತೊಳೆದರೂ ವಾಸನೆ ಉಳಿಯುತ್ತದೆ, ವೆನಿಲಾ ಅದನ್ನು ಹೀರುತ್ತದೆ. ಕೋಡು ಒಂದೆರಡು ಕೆ.ಜಿ. ಮಾತ್ರ ಇದ್ದರೆ ಬಿಸಿ ತಾನಾಗಿ ನಿಲ್ಲದು. ಬಿಸಿನೀರು ತುಂಬಿದ ಸ್ಟೀಲ್ ಬಾಟಲಿಗಳನ್ನು ಕಂಬಳಿಯ ಹೊರಗಡೆ, ಎರಡೂ ಬದಿಗೆ ಇಡಿ. ಪೆಟ್ಟಿಗೆಯೊಳಗೆ 45 ಡಿಗ್ರಿ ಇರಲಿ.

24 ಗಂಟೆಯ ಬಳಿಕ ಬಿಚ್ಚಿ ನೋಡಿ. ಕೋಡು ಚಾಕಲೇಟ್ ಬಣ್ಣಕ್ಕೆ ತಿರುಗಿ, ಮೈಮೇಲೆ ನೀರಹನಿ ಕೂತು, ಮುಟ್ಟಿದರೆ ಮೆತ್ತಗಿರಬೇಕು. ಹಸಿರು ಪಟ್ಟೆ ಉಳಿದವನ್ನು ಹೆಕ್ಕಿ ಮತ್ತೊಮ್ಮೆ ಬಿಸಿನೀರಿಗೆ ಅದ್ದಿ.

ಮರುದಿನದಿಂದ ಬಿಸಿಲು. 11 ಗಂಟೆಯಿಂದ 2 ಗಂಟೆಯವರೆಗೆ, ಬೆಂಚಿನ ಮೇಲೆ ಕಂಬಳಿ ಹಾಸಿ ಒಂದೇ ಪದರದಲ್ಲಿ ಹರಡಿ. ಸಿಮೆಂಟು ಅಂಗಳದ ಮೇಲೆ ನೇರವಾಗಿ ಬೇಡ. ಕೊನೆಯ ಒಂದು ಗಂಟೆ ಕಂಬಳಿಯ ಇನ್ನರ್ಧವನ್ನು ಮೇಲೆ ಮಡಚಿ, ಕಾವು ಏರಿದ ಮೇಲೆ ಹಾಗೆಯೇ ಸುತ್ತಿ ಪೆಟ್ಟಿಗೆಗೆ ಸೇರಿಸಿ. ರಾತ್ರಿಯಿಡೀ ಬೆವರಲಿ. ಸಂಜೆಯವರೆಗೂ ಬಿಸಿಲಿಗೆ ಬಿಟ್ಟರೆ ಕೋಡು ತಣಿದು ಒಳಗೆ ಬರುತ್ತದೆ, ಬೆವರುವುದಿಲ್ಲ. ಇದೇ ಕ್ರಮ 7ರಿಂದ 10 ದಿನ. ಡಿಸೆಂಬರಿನಲ್ಲಿ ಮೋಡ ಕವಿದ ದಿನ ಬಿಸಿನೀರಿನ ಬಾಟಲಿಯೇ ಗತಿ, ಆದರೆ ದಿನ ತಪ್ಪಿಸಬೇಡಿ. ಅಡಿಕೆಯ ಸೋಲಾರ್ ಗೂಡಿನಲ್ಲಿ ಬಿಟ್ಟು ಮರೆಯುವವರಿದ್ದಾರೆ, ಓವನ್‌ನಲ್ಲಿ ಒಂದೇ ದಿನದಲ್ಲಿ ಮುಗಿಸುವವರೂ ಇದ್ದಾರೆ. ಎರಡರಲ್ಲೂ ಬಣ್ಣ ಬರುತ್ತದೆ, ಪರಿಮಳ ಬರುವುದಿಲ್ಲ.

ನೆರಳು

ಈಗ ಕೋಡು ಸುಕ್ಕುಗಟ್ಟಿ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತದೆ. ಬಲೆಯ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ನೆರಳಲ್ಲಿ 15ರಿಂದ 20 ದಿನ ಇಡಿ. ಕರಾವಳಿಯ ಬೆಳಗಿನ ಗಾಳಿ ಚಳಿಗಾಲದಲ್ಲೂ ಒದ್ದೆ. 10 ಗಂಟೆಯ ನಂತರವೇ ಕಿಟಕಿ ತೆರೆದು ಸಂಜೆಗೆ ಮುಚ್ಚಿ. ಫ್ಯಾನ್ ನಿಧಾನ ತಿರುಗುತ್ತಿರಲಿ. ಒಲೆಯ ಮೇಲಿನ ಅಟ್ಟ ಒಣಗಿದ ಜಾಗವೇ, ಆದರೂ ಬೇಡ, ಹೊಗೆ ಹಿಡಿಯುತ್ತದೆ. ನುಸಿಗುಳಿಗೆ, ಒಣಮೀನು ಹತ್ತಿರವೂ ಇರಬಾರದು. ದಿನಕ್ಕೊಮ್ಮೆ ಪ್ರತಿ ಕೋಡನ್ನೂ ಎರಡು ಬೆರಳ ನಡುವೆ ಬುಡದಿಂದ ತುದಿಗೆ ಎಳೆದು ನೇರ ಮಾಡಿ. ಒಳಗಿನ ಎಣ್ಣೆ ಮೈತುಂಬ ಹರಡುತ್ತದೆ, ಎಲ್ಲಿ ಇನ್ನೂ ನೀರಿದೆ ಎಂಬುದೂ ಬೆರಳಿಗೇ ತಿಳಿಯುತ್ತದೆ.

ನಿಲ್ಲಿಸುವುದು ಯಾವಾಗ? ಕೋಡು ಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಬೇಕು, ಹಿಸುಕಿದರೆ ನೀರು ಒಸರಬಾರದು. ತೂಕ ನೋಡುವುದು ಇನ್ನೂ ಖಚಿತ: 1 ಕೆ.ಜಿ. ಹಸಿ ಕೋಡು 200 ಗ್ರಾಂ ಆಸುಪಾಸಿಗೆ ಇಳಿದಿರಬೇಕು.

ಜಾಡಿ

20–30 ಕೋಡುಗಳನ್ನು ಹತ್ತಿಯ ದಾರದಲ್ಲಿ ಕಟ್ಟಿ, ಬಟರ್ ಪೇಪರ್ ಸುತ್ತಿ, ಗಾಜಿನ ಜಾಡಿಯ ಮುಕ್ಕಾಲು ಭಾಗ ಮಾತ್ರ ತುಂಬಿ. ಪ್ಲಾಸ್ಟಿಕ್ ಡಬ್ಬಿ ಬೇಡ. ಮೊದಲ ವಾರ ದಿನಾ 10 ನಿಮಿಷ ಮುಚ್ಚಳ ತೆಗೆಯಿರಿ, ಬಳಿಕ ವಾರಕ್ಕೊಮ್ಮೆ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದರೆ ಕೋಡು ಇನ್ನೂ ಹಸಿ ಎಂದೇ ಅರ್ಥ. ಎರಡು ದಿನ ತಟ್ಟೆಗೆ ಹಿಂದಿರುಗಿಸಿ. ಮೂರು ತಿಂಗಳು ಹೀಗೆ ಕಳೆದರೆ ಪರಿಮಳ ಮಾಗುತ್ತದೆ.

ಬೂಷ್ಟು ಮೊದಲು ಹಿಡಿಯುವುದು ತೊಟ್ಟಿನ ತುದಿಗೆ. ಬಿಳಿಯದೆಲ್ಲ ಬೂಷ್ಟಲ್ಲ: ಸೂಜಿಯಂತೆ ಹೊಳೆಯುವ ಹರಳು ವೆನಿಲಿನ್, ಅದು ಒಳ್ಳೆಯ ಗುರುತು. ಹೊಳಪಿಲ್ಲದೆ ಹತ್ತಿಯಂತೆ ಕಂಡು, ಮುಗ್ಗಲು ವಾಸನೆ ಬಂದರೆ ಬೂಷ್ಟು. ಆ ಕೋಡನ್ನು ಎಸೆಯಿರಿ. ಅದಕ್ಕೆ ತಾಗಿಕೊಂಡಿದ್ದವನ್ನು ಬಿಚ್ಚಿ ಬೇರೆ ಜಾಡಿಯಲ್ಲಿಟ್ಟು ಗಮನಿಸಿ.

ಡಿಸೆಂಬರಿನ ಕೊಯ್ಲಾದರೆ ಏಪ್ರಿಲ್ ಹೊತ್ತಿಗೆ ಎಲ್ಲ ಮುಗಿಯುತ್ತದೆ. ಮಳೆ ಹಿಡಿಯುವ ಮೊದಲು ಬಳಸುವಷ್ಟನ್ನು ಸಣ್ಣ ಜಾಡಿಗೆ ತೆಗೆದಿಟ್ಟು, ದೊಡ್ಡದನ್ನು ಬಿಗಿಯಾಗಿ ಮುಚ್ಚಿ ಕತ್ತಲ ಕಪಾಟಿಗೆ ಸೇರಿಸಿ. ಫ್ರಿಜ್‌ನಲ್ಲಿ ಇಡಬೇಡಿ: ಕೋಡು ಬಿರುಸಾಗುತ್ತದೆ, ಹೊರಗೆ ತೆಗೆದಾಗಲೆಲ್ಲ ಮೈಮೇಲೆ ನೀರು ಕೂತು ಬೂಷ್ಟಿಗೆ ದಾರಿಯಾಗುತ್ತದೆ.